ಲೆಕ್ಕದವನ ಸಾಕ್ಷಿ

ಬೋಳಾರದಲ್ಲಿ ಮುಚ್ಚಿಹೋದ ಹೆಂಚಿನ ಕಾರ್ಖಾನೆ,
ತಿಂಗಳಿಗೆ ನಲವತ್ತು ರೂಪಾಯಿ ಬಾಡಿಗೆ.
ಹಸಿ ಹೆಂಚು ಒಣಗುತ್ತಿದ್ದ ಹಲಗೆಗಳ ಮೇಲೆ
ಈಗ ಪಕ್ಕೆಲುಬು ಪಕ್ಕೆಲುಬಾಗಿ ಒಂದು ರೆಕ್ಕೆ.
ನಾನು ಲೆಕ್ಕ ಬರೆಯುವವನು.
ಜಮೆಯ ಕಡೆ ಬರೆಯಲು ಏನೂ ಇಲ್ಲದ್ದರಿಂದ
ಆ ಪುಟಗಳಲ್ಲಿ ಸಿಪ್ರಿಯನ್ ಲೋಬೊ
ವಿಮಾನದ ಮೂತಿ ಬರೆಯುತ್ತಿದ್ದ, ಅಳಿಸುತ್ತಿದ್ದ, ಬರೆಯುತ್ತಿದ್ದ.

ಐತಪ್ಪ ಮೇಸ್ತ್ರಿಯದು ಮೂವತ್ತು ವರ್ಷ ದೋಣಿ ಕಟ್ಟಿದ ಕೈ.
"ದಪ್ಪ ಇರಲಿ ಮಾರಾಯ, ಕಡಲು ಹೊಡೆಯುತ್ತದೆ."
"ಇದು ಕಡಲಿಗಲ್ಲ ಮೇಸ್ತ್ರಿ."
"ಗಾಳಿಗೇನು ಕೈಯಿಲ್ಲವೋ?"
ಆದರೂ ಕೀಸಿದ. ಕೀಸುಳಿ ಸವೆದಷ್ಟೂ
ತಕ್ಕಡಿ ಕೇಳಿತು: ಇನ್ನೂ.
ಸಂಬಳವಿಲ್ಲದ ಶನಿವಾರಗಳಲ್ಲಿ
ಆ ಸಿಪ್ಪೆಯನ್ನೇ ಒಲೆಗೊಟ್ಟಿ ಗಂಜಿ ಬೇಯಿಸಿದೆವು.
ರೆಕ್ಕೆ ಹಗುರಾಯಿತು; ನಾವೂ.

ಮದುವಣಗಿತ್ತಿಯರ ನಿಲುವಂಗಿ ಹೊಲಿಯುವ ದುಲ್ಸಿನ್ ಬಾಯಿ
ರೆಕ್ಕೆಗೂ ಬಟ್ಟೆ ಹೊಲಿದಳು, ಗಜಕ್ಕೆ ಆರಾಣೆ, ಸಾಲ.
"ಇವಳ ಮದುವೆ ಯಾವಾಗ?"
ಇಗರ್ಜಿಯ ಮೆಟ್ಟಿಲಲ್ಲಿ ಪ್ರತಿ ಭಾನುವಾರ ಕೇಳುವಳು.
ಆಟಿಯಲ್ಲಿ ಬಟ್ಟೆಗೆ ಬೂಸಲು ಬಂತು.
ಬಿಚ್ಚಿದಳು. ಮತ್ತೆ ಹೊಲಿದಳು.
ಕಡಲಗಾಳಿಗೆ ಸ್ಕ್ರೂಗಳೆಲ್ಲ ತುಕ್ಕು.
ದಿಲ್ಲಿಗೆ ಬರೆದರೆ ಉತ್ತರಕ್ಕೆ ಬದಲು ಇನ್ನೊಂದು ಪ್ರಶ್ನೆ.
ಬ್ಯಾಂಕಿನವರು ಕನ್ನಡಕ ಒರೆಸಿಕೊಂಡು,
"ಇದು ಹಾರಿದ್ದನ್ನು ಕಂಡವರು ಉಂಟೋ?"

ಹಾಗಾಗಿ ಮಾಘದ ಒಂದು ಬೆಳಿಗ್ಗೆ
ಜಂಗಲಿನಲ್ಲಿ ಹೊಳೆ ದಾಟಿಸಿ
ತಣ್ಣೀರುಬಾವಿಯ ಮರಳಿಗೆ ತಂದರು ಅದನ್ನು.
ನನ್ನನ್ನು ಕವುಚಿ ಮಲಗಿಸಿದರು, ಕೆನ್ನೆ ನೆಲಕ್ಕೆ.
ಕೆಲಸ ಇಷ್ಟೆ:
ಗಾಲಿ ನೆಲ ಬಿಡುತ್ತದೋ ನೋಡುವುದು.

ಬಂತು. ಏಡಿಗಳು ಬಿಲ ಸೇರಿದವು.
ಕಣ್ಣಿಗೆ ಮರಳು. ಒರೆಸಿಕೊಂಡು ನೋಡುತ್ತೇನೆ,
ಗಾಲಿಯ ಕೆಳಗೆ ಬೆಳಕಿನದೊಂದು ಗೆರೆ.
ಗೆರೆ ಅಗಲವಾಯಿತು. ಅದರೊಳಗೆ
ದೂರದ ಒಂದು ಮೀನುದೋಣಿ,
ಹಾಯಿ ಸಮೇತ, ಇಡಿಯಾಗಿ.

ಆಮೇಲೆ ಮೂತಿ ಮರಳಿಗೆ.
ಸಿಪ್ರಿಯನನ ಎರಡು ಹಲ್ಲು ಹೋದವು.
ಐತಪ್ಪ ಓಡಿದ್ದು ಮನುಷ್ಯನ ಕಡೆಗೋ
ಮರದ ಕಡೆಗೋ, ಹೇಳಲಾರೆ.

"ಎಷ್ಟು ಎತ್ತರ?" ಎಂದರು ಬ್ಯಾಂಕಿನಲ್ಲಿ.
ಅಡಿಯ ಲೆಕ್ಕದಲ್ಲಿ ಹೇಳಬಹುದಿತ್ತು, ಮೊಳದಲ್ಲೂ.
ಕಂಡದ್ದನ್ನು ಬರೆದು ರುಜು ಹಾಕಿದೆ:
ಒಂದು ದೋಣಿ, ಹಾಯಿ ಸಮೇತ.

ಸಾಲ ಸಿಗಲಿಲ್ಲ.
ಹಲ್ಲು ಕಟ್ಟಿಸಿದ್ದು ಹನ್ನೆರಡು ರೂಪಾಯಿ, ಖರ್ಚಿಗೆ ಬರೆಯಲು
ಪುಸ್ತಕ ತೆರೆದೆ. ಎದುರು ಪುಟದಲ್ಲಿ ಆಗಲೇ
ಪೆನ್ಸಿಲಿನ ಮೂತಿಯೊಂದು,
ಈ ಸಲ ಸ್ವಲ್ಪ ಮೇಲಕ್ಕೆ.