ಹತ್ತು ಸಾವಿರ ಬಾಟಲಿ

ಮೇನ್ ರಾಜ್ಯದಲ್ಲಿ ಖಾಲಿ ಬಾಟಲಿಗೊಂದು ಬೆಲೆಯಿದೆ:
ಐದು ಸೆಂಟು.
ಯಾರು ಕುಡಿದದ್ದೆಂದು ಕೇಳುವುದಿಲ್ಲ,
ತಂದವರ ಕೈಗೆ ಎಣಿಸಿ ಹಾಕುತ್ತಾರೆ.

ಫರ್ನಾಂಡ್ ವೆಲೆಟ್ ಹದಿನಾಲ್ಕು ವರ್ಷದಿಂದ ತರುತ್ತಿದ್ದಾಳೆ,
ಹಾಕಿ ಪಂದ್ಯ ಮುಗಿದ ಮೇಲೆ ಬೆಂಚುಗಳಡಿ ಬಗ್ಗಿ,
ಚರ್ಚಿನ ಬೀನ್ಸ್ ಊಟದ ಮರುದಿನ ಡಬ್ಬಿಗಳಿಗೆ ತೋಳಿಳಿಸಿ,
ಸೋಡಾದ ಸಕ್ಕರೆ ಮೆತ್ತಿ ಬಿರುಸಾದ ಕೈಗವಸಿನಲ್ಲಿ.
ವರ್ಷಕ್ಕೆ ಹತ್ತು ಸಾವಿರ.
ಗುಣಿಸಿ ನೋಡಿ. ನಾನು ಗುಣಿಸಿದ್ದೇನೆ,
ಅದೇ ನನ್ನ ಕೆಲಸ.

ಐನೂರು ಡಾಲರ್:
ಲೂಸಿಯನ್ ವೆಲೆಟ್ ನೆನಪಿನ ವಿದ್ಯಾರ್ಥಿವೇತನ,
ಊರ ಹೈಸ್ಕೂಲಿನಿಂದ ಕಾಲೇಜಿಗೆ ಹೊರಟ ಒಬ್ಬರಿಗೆ.
ಮಾರ್ಚಿನಲ್ಲೂ ಸರೋವರ ಗಟ್ಟಿಯಿದೆಯೆಂದು ನಂಬಿದ ಹುಡುಗ ಲೂಸಿಯನ್.
ಅವನ ಅರ್ಜಿ ನಮ್ಮಲ್ಲಿಗೂ ಬಂದಿತ್ತು. ನೆರವು ಮಂಜೂರಾಗಿತ್ತು.
ಉತ್ತರ ಬಾರದ ಕಡತಗಳನ್ನು
ನಾವು ಮೇ ತಿಂಗಳಲ್ಲಿ ಮುಚ್ಚುತ್ತೇವೆ.

ಈ ಸಲ ಅದು ಡೆಲ್ಫಿನ್ ಟಿಬೊಡೊಗೆ.
ತಾಯಿ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ.
ತಂದೆ ಎಲ್ಲೆಂದು ಗೊತ್ತಿಲ್ಲ ಎಂಬುದಕ್ಕೆ
ಶಾಲೆಯವರ ಸಹಿಯ ಪತ್ರ, ಪಾದ್ರಿಯದೊಂದು.
ಗೊತ್ತಿಲ್ಲದ್ದಕ್ಕೂ ಇಲ್ಲಿ ಎರಡು ಸಾಕ್ಷಿ ಬೇಕು.
ಶುಲ್ಕ, ಕೋಣೆ, ಊಟ, ಪುಸ್ತಕ ಒಂದು ಕಡೆ;
ಸರ್ಕಾರದ ಅನುದಾನ, ಕಾಲೇಜಿನ ಅನುದಾನ,
ಸಾಲ, ಇನ್ನೊಂದು ಸಾಲ,
ಕ್ಯಾಂಟೀನಿನ ತಟ್ಟೆ ತೊಳೆಯುವ ವಾರದ ಹತ್ತು ಗಂಟೆ ಇನ್ನೊಂದು ಕಡೆ.
ಕಳೆದರೆ ಸೊನ್ನೆ ಬರಬೇಕು.
ಬಾರದಿದ್ದರೆ ಬರಿಸುವುದಕ್ಕೇ ನನಗೆ ಸಂಬಳ.

ಹೊರಗಿನ ದುಡ್ಡು ಬಂದಷ್ಟು ಒಳಗಿನದು ಇಳಿಯಬೇಕು.
'ಅಧಿಕ ನೆರವು' ಎನ್ನುತ್ತದೆ ಪರದೆ, ಕೆಂಪಕ್ಷರದಲ್ಲಿ.
ಫರ್ನಾಂಡಳ ಚೆಕ್ಕು ತಲುಪಿದ ಮಂಗಳವಾರ
ಕಾಲೇಜಿನ ಅನುದಾನದ ಸಾಲಿಗೆ ಹೋಗಿ ಐನೂರು ಕಳೆದೆ.
ಒಂದೇ ಕೀಲಿ.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ,
ಕುಡಿದದ್ದು ಆನೆಗೂ ಗೊತ್ತಾಗಲಿಲ್ಲ.

ಡೆಲ್ಫಿನ್ ಬಂದಳು. ಅಳಲಿಲ್ಲ, ಜಗಳಾಡಲಿಲ್ಲ.
ಹಳೆಯ ಕಾಗದ, ಹೊಸ ಕಾಗದ ಪಕ್ಕಪಕ್ಕ ಇಟ್ಟು ಬೆರಳಾಡಿಸಿದಳು.
"ದುಡ್ಡು ಬಂದಿದೆ. ನನಗೆ ಬಂದಿಲ್ಲ.
ಹಾಗಾದರೆ ಯಾರಿಗೆ ಬಂತು?"
ನಿಯಮ ಹೇಳಿದೆ. ನನ್ನ ದನಿ ಚೆನ್ನಾಗಿಯೇ ಇತ್ತು.
"ಭಾನುವಾರ ಆ ಅಮ್ಮನ ಮನೆಗೆ ಹೋಗಬೇಕು.
ಪ್ರತಿ ವರ್ಷ ಕೇಕ್ ಮಾಡಿರುತ್ತಾರಂತೆ.
ಯಾವುದಕ್ಕೆ ಖರ್ಚಾಯಿತು ಅಂತ ಕೇಳುತ್ತಾರಂತೆ.
ಏನು ಹೇಳಲಿ?"

ಕೈಪಿಡಿಯಲ್ಲೊಂದು 'ಬಹುದು' ಇದೆ.
ಅನುದಾನದ ಬದಲು ಮೊದಲು ಸಾಲದಿಂದ ಕಳೆಯಬಹುದು.
'ಬೇಕು'ಗಳ ಗೋಡೆಯಲ್ಲಿ
ಯಾರೋ ಚಿಲಕ ಹಾಕಲು ಮರೆತ ಕಿಟಕಿ.
ಅದು ಅಲ್ಲಿರುವುದು ನನಗೆ ಗೊತ್ತಿತ್ತು.
ಡೆಲ್ಫಿನ್‌ಗಿಂತ ಮೊದಲು ನಮ್ಮಲ್ಲಿಗೆ ಬಂದವರು ಆರು ಮಂದಿ,
ಅರವತ್ತು ಸಾವಿರ ಬಾಟಲಿ.
ಅವರಾರೂ ಎರಡು ಕಾಗದ ಪಕ್ಕಪಕ್ಕ ಇಟ್ಟಿರಲಿಲ್ಲ,
ನಾನೂ ಇಟ್ಟಿರಲಿಲ್ಲ.

ಅಳಿಸಿದೆ. ತಿದ್ದಿದೆ. ಸಾಲ ಐನೂರು ಇಳಿಯಿತು.
"ಇಷ್ಟು ಸಾಲ ಆಗಲಿಲ್ಲ ಅಂತ ಹೇಳು," ಎಂದೆ.
"ಆಗದೇ ಹೋದದ್ದನ್ನು," ಎಂದಳು,
"ಅವರಿಗೆ ಹೇಗೆ ತೋರಿಸಲಿ?"

ನನ್ನ ಸ್ವಂತ ಸಾಲಕ್ಕೆ ಮೊನ್ನೆ ಇಪ್ಪತ್ತೊಂದು ತುಂಬಿತು.
ಮತ ಹಾಕಬಹುದು, ಅಂಗಡಿಗೆ ಹೋಗಿ ಬಿಯರ್ ಕೊಳ್ಳಬಹುದು.
ಇವತ್ತಿನ ಬಡ್ಡಿ ಮೂರು ಡಾಲರ್ ಹತ್ತು ಸೆಂಟು,
ಅರವತ್ತೆರಡು ಬಾಟಲಿ.
ರಾತ್ರಿ ಜಿಂಜರ್ ಏಲ್ ಕುಡಿದು
ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಮೆಟ್ಟಿಲ ಮೇಲಿಟ್ಟೆ.
ಗುರುವಾರ ಅವಳು ಈ ಬೀದಿಗೆ ಬರುತ್ತಾಳೆ.
ಮುಚ್ಚಳ ಬೇಕಿಲ್ಲ ಅವಳಿಗೆ.