ತೊಂಬತ್ತಾರೂವರೆ

ಕಾಲು ನೆಲಕ್ಕೆ ತಾಗುವ ಮುಂಚೆ
ಕಂಕುಳಲ್ಲಿ ಪಾದರಸದ ಕಡ್ಡಿ ಇಟ್ಟುಕೊಂಡು
ಹತ್ತು ನಿಮಿಷ ಅಲ್ಲಾಡದೆ ಮಲಗಿರು
ಅಂದಿದ್ದಾನೆ ಚಿಂತಾಮಣಿ ರಸ್ತೆಯ ನಾಟಿ ವೈದ್ಯ.
ಮಲಗಿದ್ದೇನೆ.
ತೊಂಬತ್ತಾರೂವರೆ.
ನಿನ್ನೆಯೂ ತೊಂಬತ್ತಾರೂವರೆ.
"ನಿನ್ನೊಳಗಿನ ಒಲೆ ಆರಿದೆಯಮ್ಮ" ಎನ್ನುತ್ತಾನೆ,
ಒಲೆಯ ವಿಷಯ ನನಗೇ ಹೇಳಿಕೊಡುವವನಂತೆ.

ಇಪ್ಪತ್ತೆರಡು ವರ್ಷ, ಶಿಡ್ಲಘಟ್ಟದಲ್ಲಿ,
ಕುದಿನೀರಿನ ಬೇಸಿನ್ ಮುಂದೆ ಕೂತವಳು ನಾನು.
ಬೆರಳು ಅದ್ದಿದರೆ ಸಾಕು, ತಿಳಿಯುತ್ತದೆ:
ಕಾವು ಹೆಚ್ಚಾದರೆ ಎಳೆ ಜೊಂಡಾಗಿ ಏಳುತ್ತದೆ,
ಕಮ್ಮಿಯಾದರೆ ಗೂಡು ಬಿಚ್ಚಿಕೊಳ್ಳುವುದಿಲ್ಲ.
ಹಗಲೆಲ್ಲ ಬೆಂದ ಇದೇ ಕೈ
ರಾತ್ರಿ ಕಂಬಳಿಯೊಳಗೆ ಮಂಜುಗಡ್ಡೆ.
ತಾಗಿದರೆ ಇವರು ಬೆಚ್ಚಿ ಆಚೆ ಹೊರಳುತ್ತಾರೆ,
"ಹಾವು ಬಿತ್ತೇನೇ!"

ಗಂಟಲಲ್ಲಿ ಒಂದು ಚಿಟ್ಟೆ ಇದೆ ಅಂದರು ಡಾಕ್ಟರಮ್ಮ,
ಗೋಡೆಯ ಪಟ ತೋರಿಸಿ. ಅದಕ್ಕೆ ಸುಸ್ತಂತೆ.
ನನಗೆ ನಗು ಬಂತು.
ಹುಳು ಚಿಟ್ಟೆಯಾಗದಂತೆ ನೋಡಿಕೊಳ್ಳುವುದೇ
ನನ್ನ ಕಸುಬು; ಬೇಯಿಸಿದ್ದಕ್ಕೆ ಲೆಕ್ಕವಿಟ್ಟಿಲ್ಲ.

ಪುಟ್ಟ ಬಿಳಿ ಗುಳಿಗೆ. ಖಾಲಿ ಹೊಟ್ಟೆಗೆ.
ಅರ್ಧ ಗಂಟೆ ಕಾಫಿ ಇಲ್ಲ. ಅಷ್ಟೇ ಅಂದರು.
ಅಷ್ಟೇ ಆಗಿದ್ದರೆ!

ಬೀದಿಗೆಲ್ಲ ನನ್ನ ಗಂಟಲ ಮೇಲೆ ಒಂದೊಂದು ಮಾತಿದೆ.
ರಾತ್ರಿ ಕೊತ್ತಂಬರಿ ಬೀಜ ನೆನೆಹಾಕು, ಓರಗಿತ್ತಿ ಗಂಗರತ್ನ.
ಪಕ್ಕದ ಚರಕದ ಜುಬೇದಾ ಕಪ್ಪು ಜೀರಿಗೆ, ಜೇನು ತಂದುಕೊಟ್ಟಳು,
ಅವಳ ಖಾಲಾಗೆ ಊತ ಇಳಿದಿತ್ತಂತೆ.
(ಖಾಲಾ ಈಗ ಇಲ್ಲ. ಅದು ಬೇರೆ ಕಾಯಿಲೆ.)
ಪುಡಿ ಉಪ್ಪು ಬಿಟ್ಟು ಕಲ್ಲುಪ್ಪು ಹಿಡಿ ಅನ್ನುವ
ಬಾಯ್ಲರ್ ಮುನಿನಾರಾಯಣಪ್ಪ;
ಕಲ್ಲುಪ್ಪು ಬಿಟ್ಟು ಪುಡಿ ಉಪ್ಪು ಹಿಡಿ ಅನ್ನುವ ಡಾಕ್ಟರಮ್ಮ.
ಕೋಸು ಮುಟ್ಟಬೇಡ. ಕೊಬ್ಬರಿ ಎಣ್ಣೆಯಲ್ಲೇ ಒಗ್ಗರಣೆ ಹಾಕು.
ಸಕ್ಕರೆಗೆ ಹೆದರಬೇಡ, ದಿನಾ ಕಿತ್ತಳೆ ರಸ ಕುಡಿ
ಅಂದ ಪುಣ್ಯಾತ್ಮನಿಗೆ
ಕಿತ್ತಳೆಯ ರೇಟು ಗೊತ್ತಿರಲಿಲ್ಲ.
ಶಾಲೆಯ ಅಂಗಳದಲ್ಲಿ ಯೋಗ ಹೇಳುವ ಮೇಷ್ಟ್ರು ಮೆಲ್ಲಗೆ,
"ನೀವು ಮಾತು ನುಂಗಿದ್ದೀರಿ, ಅದೇ ಅಲ್ಲಿ ಗಂಟಾಗಿದೆ."
ಚರಕದ ಸದ್ದಿನ ಮೇಲೆ ಇಪ್ಪತ್ತೆರಡು ವರ್ಷ
ಕೂಗಿಯೇ ಮಾತಾಡಿದವಳು ನಾನು.
ಏನು? ಅಂದೆ. ಅವರು ಹೆದರಿ ಹಿಂದೆ ಸರಿದರು.

ಕೊನೆಗೆ ನಾಟಿ ವೈದ್ಯ ಅಂದುಬಿಟ್ಟ,
ರಾಗಿ ಬಿಡಬೇಕು.
ಅತ್ತೆಗೆ ಎಂಬತ್ತಮೂರು. ಬಾಯಲ್ಲಿ ಹಲ್ಲಿಲ್ಲ,
ಮುದ್ದೆಗೆ ಹಲ್ಲು ಯಾಕೆ.
"ಹಂಗಾದ್ರೆ ಈ ಸೀಮೇಲಿ ಯಾರಿಗೂ
ಗಂಟ್ಲೇ ಉಳೀತಿರ್ಲಿಲ್ಲ" ಎಂದು ಕೋಲು ತಿರುವಿದರು.
ಆದರೂ ಒಂದು ತಿಂಗಳು ಬಿಟ್ಟೆ.
ಅನ್ನ ಉಂಡು ಏಳುವಾಗಲೆಲ್ಲ
ಯಾರದೋ ಮನೆಯಲ್ಲಿ ಉಂಡ ಹಾಗೆ.
ಮೂವತ್ತೊಂದನೇ ದಿನ ಹುರುಳಿಕಾಳಿನ ಬಸ್ಸಾರು.
ಮುರಿದೆ, ಅದ್ದಿದೆ, ನುಂಗಿದೆ.
ಬಿಸಿ ಇಳಿದು ಹೋಗುವಾಗ ಆ ಚಿಟ್ಟೆ
ಏನಂದುಕೊಂಡಿತೋ.

ರಿಪೋರ್ಟು ಬಂತು. ಹದಿನಾಲ್ಕು ಇದ್ದದ್ದು ಆರು.
ಕೊತ್ತಂಬರಿ ಅಂದಳು ಗಂಗರತ್ನ. ಜುಬೇದಾ ಸುಮ್ಮನೆ ನಕ್ಕಳು,
ಗೆದ್ದವರ ನಗು. ಡಾಕ್ಟರಮ್ಮ
ಚೀಟಿಯಲ್ಲಿ ಅದೇ ಗುಳಿಗೆ ಬರೆದರು.
ನಾನು ಯಾವುದನ್ನೂ ಬಿಟ್ಟಿರಲಿಲ್ಲ,
ಯಾರನ್ನೂ ಬಿಟ್ಟುಕೊಡಲಾಗದೆ.
ಕಂಕುಳ ಕಡ್ಡಿ ಮಾತ್ರ ಹಟ ಹಿಡಿದಿದೆ, ತೊಂಬತ್ತಾರೂವರೆ.

ಇವತ್ತು ಗುಳಿಗೆ ನುಂಗಿ ಕಾಫಿಗೆ ಕಾಯುತ್ತಿದ್ದೆ.
ಗೋಣಿಯ ಮೂಲೆಯಲ್ಲಿ ಕಣ್ತಪ್ಪಿದ ಒಂದು ಗೂಡು
ತೂತಾಗಿತ್ತು; ಇನ್ನು ನೂಲಿಗೆ ಬಾರದು.
ಪಕ್ಕದಲ್ಲೇ ಅದು, ಮುದುಡಿದ ಬಿಳಿ ರೆಕ್ಕೆ, ನಡುಗುತ್ತ.
ಹಾರಲು ಬಾರದು ಇದಕ್ಕೆ. ತಿನ್ನಲು ಬಾಯಿಲ್ಲ.
ಹುಳುವಾಗಿದ್ದಾಗ ಮೇಯ್ದ ಹಿಪ್ಪುನೇರಳೆಯೇ ಕೊನೆತನಕ.
ಯಾರೂ ಪಥ್ಯ ಹೇಳುವ ಹಾಗಿಲ್ಲ.
ಅಂಗೈ ಮೇಲೆ ಇಟ್ಟುಕೊಂಡೆ.
ಅದು ನನಗಿಂತ ಬೆಚ್ಚಗಿತ್ತೋ, ತಣ್ಣಗಿತ್ತೋ,
ಇಷ್ಟು ವರ್ಷದ ಕೈಗೂ ತಿಳಿಯಲಿಲ್ಲ.
ಕಾಫಿಗೆ ಇನ್ನೂ ಹತ್ತು ನಿಮಿಷವಿತ್ತು.