ಲೈನ್ ಬಿಜಿ ಇದೆ

ದುರ್ಗಿಗುಡಿಯ ಮೂರನೇ ತಿರುವಿನ ಮನೆ.
ಮಾಳಿಗೆಯಲ್ಲಿ ಬಾಡಿಗೆಗೆ ನಾನು, ಕೆಳಗೆ ಟೆಲಿಫೋನ್ ಫಿಲೋಮಿನಾ.
ಬರೀ ಫಿಲೋಮಿನಾ ಅಂದರೆ ಬೀದಿಯವರು ಯಾರು ಅನ್ನುತ್ತಾರೆ.
ಇಂಟರ್ನೆಟ್ಟು ಇಬ್ಬರಿಗೂ ಒಂದೇ, ಬಿಲ್ಲು ಅರ್ಧರ್ಧ.

ಈ ವಾರ ಯಾವ ಪುಟ ಕೇಳಿದರೂ
ಸುತ್ತಿ ಸುತ್ತಿ ಸುಸ್ತಾಗಿ ನಿಲ್ಲುತ್ತಿತ್ತು.
ಕೇಬಲ್ಲಿನ ಹುಡುಗ ಬಂದ, ನಮ್ ಕಡೆ ಎಲ್ಲಾ ಸರಿ ಇದೆ ಅಂದ,
ಕಾಫಿ ಕುಡಿದು ಹೋದ.

ಶೋಕೇಸಿನ ಮೇಲೆ, ಮರಿಯಮ್ಮನವರ ಪಕ್ಕ ರೌಟರು.
ಮಗುಚಿ, ಬೆನ್ನಿನ ಚೀಟಿ ಓದಿದೆ:
ನೂರ ತೊಂಬತ್ತೆರಡು, ಚುಕ್ಕಿ, ನೂರ ಅರವತ್ತೆಂಟು...
ಒಳಹೊಕ್ಕು, ಡಿಎನ್‌ಎಸ್ ಎಂಬ ಖಾನೆ ಹುಡುಕಿ
ಕೇಬಲ್ಲಿನವರು ಕೊಟ್ಟಿದ್ದನ್ನು ಅಳಿಸಿ
ನಾಲ್ಕು ಸಲ ಎಂಟು ಒತ್ತಿದೆ.

"ಏನದು?"
ಹೆಸರು ಹೇಳಿದರೆ ನಂಬರು ಹೇಳುವ ಜಾಗ, ಅಂದೆ.
ನಮಗೆ ನೆನಪಿರುವುದು ಹೆಸರು, ತಂತಿಗೆ ತಿಳಿಯುವುದು ನಂಬರು.
ಬೀನ್ಸ್ ಮುರಿಯುತ್ತಿದ್ದ ಕೈ ನಿಂತಿತು.
"ಅಯ್ಯೋ, ಅದು ನಾನಲ್ವಾ."

ಸಾಗರದ ಎಕ್ಸ್‌ಚೇಂಜು. ಇಪ್ಪತ್ತೊಂದು ವರ್ಷ.
ನಂಬರು ಹೇಳಿ ಕೇಳಿದವರು ಯಾರು?
ಡಾಕ್ಟರನ್ನ ಕೊಡಮ್ಮ. ಮಿಲ್ಲಿಗೆ ಹಾಕಮ್ಮ.
ನಮ್ಮ ಷಡ್ಡಕ ಅಂದರೂ ಸಾಕು,
ಯಾರ ಷಡ್ಡಕ ಎಂದು ಕೆಮ್ಮಿನಲ್ಲೇ ತಿಳಿದು
ಪಿನ್ನು ಸರಿಯಾದ ತೂತಿಗೆ.
ಒಂದು ರಾತ್ರಿ ಒಬ್ಬ, ಕುಡಿದ ದನಿ,
ಹೆಂಡತಿಯ ತವರಿಗೆ ಕೊಡು ಎಂದ.
ಆಕೆ ಅಲ್ಲಿ ಬಂದಿಳಿದದ್ದು ಅದೇ ಸಂಜೆ;
ಅದೂ ಇವರಿಗೆ ಗೊತ್ತಿತ್ತು, ಹೇಗೆಂದು ಕೇಳಬಾರದು.
ಲೈನ್ ಬಿಜಿ ಇದೆ, ಅಂದರಂತೆ.
ಬೆಳಗಿನವರೆಗೆ ಹನ್ನೊಂದು ಸಲ.

"ಈ ಎಂಟೆಂಟರ ಹತ್ರ ಕೂತಿರೋದು ಯಾರು?"
ಯಾರೂ ಇಲ್ಲ. ಯಂತ್ರ. ದೂರದ ಕಂಪನಿಯದು.
"ಯಾರು ಯಾರನ್ನ ಕೇಳಿದ್ರು ಅಂತ ಬರೆದಿಡುತ್ತಾ?"
ಒಂದೆರಡು ದಿನ ಇಟ್ಟು ಅಳಿಸ್ತೀವಿ ಅಂತಾರೆ.
"ನಾನು ಬರೀಲೇ ಇಲ್ಲ"
ಅಂದು ಮತ್ತೆ ಬೀನ್ಸಿಗೆ ಕೈ ಹಾಕಿದರು.

ಕೆಳಗೆ ಎರಡನೇ ಖಾನೆ ಇನ್ನೂ ಖಾಲಿ:
ಮೊದಲನೆಯದು ಉತ್ತರಿಸದಿದ್ದರೆ ಯಾರನ್ನು ಕೇಳಬೇಕು?
ನಾಲ್ಕು ಒಂದು ಹಾಕಿದೆ. ಸೇವ್. ರೀಸ್ಟಾರ್ಟ್.
ದೀಪಗಳೆಲ್ಲ ಆರಿ, ಒಂದೊಂದೇ ಹತ್ತುವವರೆಗೆ
ಅವರ ಬಲಗೈ, ಬೀನ್ಸಿನ ಸಿಪ್ಪೆನಾರು ಅಂಟಿದ್ದು,
ಗಾಳಿಯಲ್ಲಿ ಏನನ್ನೋ ಹಿಡಿದು ಕಾಯುತ್ತಿತ್ತು.

ಪುಟ ತೆರೆಯಿತು, ಚಕ್ಕನೆ.
ಮೆಟ್ಟಿಲು ಹತ್ತುವಾಗ ಹಿಂದಿನಿಂದ ದನಿ:
"ನೂರಾ ನಲವತ್ತೆರಡು."
ಯಾರ ಮನೇದು, ಅಂದೆ.
"ಲೈನ್ ಬಿಜಿ ಇದೆ."